ಮೂವತ್ತು ಲಕ್ಷ ಕೈಯಲ್ಲಿದೆ: ಸೈಟೋ, ಫ್ಲ್ಯಾಟೋ, ಬಾಡಿಗೆ ಮನೆಯೋ?

2012ರಲ್ಲಿ ನೆಲಮಂಗಲದಿಂದ ಆಚೆ ಒಂದು 30×40 ಸೈಟು ತಗೊಂಡೆ. ಆರು ಲಕ್ಷ. ರೆವಿನ್ಯೂ ಸೈಟು, ಅಂದರೆ ಕೃಷಿ ಜಮೀನನ್ನು ಕನ್ವರ್ಷನ್ (ಕೃಷಿಯೇತರ ಬಳಕೆಗೆ ಬದಲಾವಣೆ) ಮಾಡಿಸದೆಯೇ ಸೈಟು ಮಾಡಿದ್ದು. ಪಂಚಾಯ್ತಿ ಖಾತಾ ಇತ್ತು, ಕೈಬರಹದ್ದು, ಕೆಳಗೆ ನೇರಳೆ ಬಣ್ಣದ ಸೀಲು. ಆ ಸೀಲು ನೋಡಿಯೇ ನನಗೆ ಧೈರ್ಯ ಬಂದಿತ್ತು. ಏಳು ವರ್ಷ ಆದಮೇಲೆ ಮನೆಯಲ್ಲಿ ದುಡ್ಡಿನ ಅಗತ್ಯ ಬಿತ್ತು, ಮಾರೋಣ ಅಂತ ಹೊರಟೆ. ಮೂರು ಪಾರ್ಟಿ ಬಂದರು. ಮೂವರಿಗೂ ಜಾಗ ಹಿಡಿಸಿತು, ಒಬ್ಬರಂತೂ ಅಲ್ಲೇ ನಿಂತು ಬಾಗಿಲು ಯಾವ ದಿಕ್ಕಿಗೆ ಇಡಬೇಕು ಅಂತ ಹೆಂಡತಿ ಜೊತೆ ಚರ್ಚೆ ಶುರು ಮಾಡಿದ್ದರು. ಮೂವರೂ ಬ್ಯಾಂಕಿಗೆ ಹೋಗಿ ಬಂದಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ಕನ್ವರ್ಷನ್ ಆಗಿಲ್ಲ, ಲೇಔಟ್ ಪ್ಲಾನ್ ಇಲ್ಲ, ಸಾಲ ಸಿಗಲ್ಲ. ಕೊನೆಗೆ 2021ರಲ್ಲಿ ಸಾಲವಿಲ್ಲದೆ ಕೊಳ್ಳುವವರೊಬ್ಬರು ಸಿಕ್ಕಿದರು, ಒಂಬತ್ತೂವರೆ ಲಕ್ಷಕ್ಕೆ ಕೊಟ್ಟೆ. ರಸ್ತೆಯ ಆಚೆ ಬದಿಯ ಅಪ್ರೂವ್ಡ್ ಲೇಔಟಿನಲ್ಲಿ ಅದೇ ಅಳತೆಯ ಸೈಟು ಹದಿನೆಂಟಕ್ಕೆ ಹೋಗುತ್ತಿತ್ತು.

ಅವತ್ತಿನಿಂದ ಯಾವ ಆಸ್ತಿ ನೋಡಲು ಹೋದರೂ ನನಗೆ ನಾನೇ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ನಾಳೆ ನನ್ನಿಂದ ಯಾರು ಕೊಳ್ಳುತ್ತಾರೆ, ಅವರಿಗೆ ಬ್ಯಾಂಕು ಸಾಲ ಕೊಡುತ್ತದಾ? ರೇಟು ಏರುತ್ತಾ ಇಲ್ವಾ ಅನ್ನುವುದು ಆಮೇಲಿನ ಮಾತು. ಇಪ್ಪತ್ತು, ಮೂವತ್ತು, ಐವತ್ತು ಲಕ್ಷ ಇಟ್ಟುಕೊಂಡು ಹೊರಡುವ ನಮ್ಮಂಥವರಿಗೆ ಇಡೀ ಗಂಟು ಒಂದೇ ಕಡೆ ಇರುತ್ತದೆ. ದೊಡ್ಡವರ ಹತ್ತು ಆಸ್ತಿಯಲ್ಲಿ ಒಂದು ಕೆಟ್ಟರೆ ಒಂಬತ್ತು ಉಳಿಯುತ್ತವೆ. ನಮಗೆ ಇರುವುದೇ ಒಂದು.

ಮೊದಲು ಪೇಪರ್ ಮೇಲೆ ಲೆಕ್ಕ

"ಮೂವತ್ತಕ್ಕೆ ತಗೊಂಡ್ರೆ ಐದು ವರ್ಷಕ್ಕೆ ನಲವತ್ತೈದು ಗ್ಯಾರಂಟಿ ಸಾರ್" ಅಂತ ಬ್ರೋಕರ್ ಹೇಳುತ್ತಾನೆ. ಸರಿ, ಅವನ ಮಾತನ್ನೇ ನಿಜ ಅಂದುಕೊಳ್ಳೋಣ. ಕರ್ನಾಟಕದಲ್ಲಿ ಸೈಟಿಗೆ ಸ್ಟಾಂಪ್ ಡ್ಯೂಟಿ ಶೇ. 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಪಟ್ಟಣದಲ್ಲಿ ಶೇ. 5.6. ರಿಜಿಸ್ಟ್ರೇಶನ್ ಫೀ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಮಾಡಿದ್ದಾರೆ. ಒಟ್ಟು ಶೇ. 7.6. ಮೂವತ್ತು ಲಕ್ಷಕ್ಕೆ 2,28,000 ರೂಪಾಯಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಹೋಯಿತು. ಬ್ರೋಕರಿಗೆ ಒಂದು ಪರ್ಸೆಂಟು, ವಕೀಲರಿಗೆ, ಖಾತೆಗೆ, ನಾಲ್ಕು ಕಲ್ಲು ನೆಟ್ಟು ತಂತಿ ಎಳೆಯುವುದಕ್ಕೆ, ಎಲ್ಲ ಸೇರಿದರೆ ಕೈಯಿಂದ ಹೋಗುವುದು ಹೆಚ್ಚು ಕಡಿಮೆ 33 ಲಕ್ಷ.

ಐದು ವರ್ಷ ಬಿಟ್ಟು 45ಕ್ಕೆ ಮಾರಿದಿರಿ. ಮತ್ತೆ ಒಂದು ಪರ್ಸೆಂಟ್ ಕಮಿಷನ್. ಲಾಭದ ಮೇಲೆ ಶೇ. 12.5 ತೆರಿಗೆ, ಅದಕ್ಕೆ ಸೆಸ್ಸು. ಕೈಗೆ ಉಳಿಯುವುದು 43 ಲಕ್ಷದ ಚಿಲ್ಲರೆ. ಅಂದರೆ ಲಾಭ ಹತ್ತು ಲಕ್ಷ. ಅದೇ 33 ಲಕ್ಷವನ್ನು ಶೇ. 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ, ನೀವು ಇಪ್ಪತ್ತು ಪರ್ಸೆಂಟ್ ತೆರಿಗೆ ಸ್ಲ್ಯಾಬಿನವರಾದರೆ, ತೆರಿಗೆ ಕಟ್ಟಿಯೂ ಅಷ್ಟೇ ಸಿಗುತ್ತಿತ್ತು. ಬಿಸಿಲಲ್ಲಿ ತಿರುಗುವುದು ಬೇಡ, ಕಳೆ ಕೀಳಿಸುವುದು ಬೇಡ, ಪಕ್ಕದವನು ಎರಡು ಅಡಿ ಒಳಗೆ ಬಂದನಾ ಅಂತ ವರ್ಷಕ್ಕೊಮ್ಮೆ ಹೋಗಿ ನೋಡುವುದೂ ಬೇಡ.

ಹಾಗಂತ ಸೈಟು ಬೇಡ ಅಂತ ಹೇಳುತ್ತಿಲ್ಲ. ಐವತ್ತು ಪರ್ಸೆಂಟ್ ಏರಿತು ಅಂತ ಕೇಳಿದಾಗ ಎದೆ ಹಿಗ್ಗುತ್ತದಲ್ಲ, ಅಲ್ಲಿ ಒಂದು ನಿಮಿಷ ನಿಂತು ಈ ಲೆಕ್ಕ ಹಾಕಿ ಅಂತ ಅಷ್ಟೇ. ಐದು ವರ್ಷಕ್ಕಿಂತ ಮುಂಚೆ ಆ ದುಡ್ಡು ಬೇಕಾಗಬಹುದು ಅನ್ನಿಸಿದರೆ ಆಸ್ತಿಯ ತಂಟೆಗೇ ಹೋಗಬೇಡಿ. ಮಗಳ ಮದುವೆಗೆ ಇಟ್ಟ ದುಡ್ಡು, ಮಗನ ಇಂಜಿನಿಯರಿಂಗ್ ಫೀಸಿನ ದುಡ್ಡು ಇದಕ್ಕಲ್ಲ. ಸೈಟನ್ನು ಅರ್ಜೆಂಟಿಗೆ ಮಾರಲು ಹೋದರೆ, ಅರ್ಜೆಂಟು ಅಂತ ಇಡೀ ಊರಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ಯಾವುದು ತಗೊಳ್ಳಬೇಕು

ಸೈಟಿನ ಒಳ್ಳೆಯ ಗುಣ ಅಂದರೆ ಅದು ಹಳೆಯದಾಗುವುದಿಲ್ಲ, ಸೋರುವುದಿಲ್ಲ, ರಾತ್ರಿ ಹತ್ತಕ್ಕೆ ಫೋನ್ ಮಾಡುವುದಿಲ್ಲ. ಕೆಟ್ಟ ಗುಣ, ಅದು ಒಂದು ಪೈಸೆ ಕೊಡುವುದೂ ಇಲ್ಲ. ಸಾಲ ಮಾಡಿ ಬರೀ ಸೈಟು ತಗೊಂಡರೆ ಪ್ರತಿ ತಿಂಗಳು ಇಎಂಐ ಹೋಗುತ್ತಲೇ ಇರುತ್ತದೆ, ಒಳಗೆ ಬರುವುದು ಏನೂ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯ, ಸೈಟು ಆದಷ್ಟು ಸ್ವಂತ ದುಡ್ಡಿನಲ್ಲಿ. ಸಾಲ ಮಾಡುವುದಾದರೆ ಬಾಡಿಗೆ ಬರುವುದರ ಮೇಲೆ ಮಾಡಿ.

ಬೆಂಗಳೂರಿನ ಫ್ಲ್ಯಾಟು ನೋಡೋಣ. ಅರವತ್ತು ಲಕ್ಷದ ಎರಡು ಬೆಡ್‌ರೂಮಿಗೆ ಇಪ್ಪತ್ತು ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 2,40,000, ಅಂದರೆ ಶೇ. 4. ಅದರಲ್ಲಿ ಒಂದು ತಿಂಗಳು ಖಾಲಿ, ಕಂದಾಯ, ಬಾಡಿಗೆಯವರು ಬದಲಾದಾಗಲೆಲ್ಲ ಪೇಂಟು, ಗೀಸರು, ನಲ್ಲಿ ಎಲ್ಲ ಕಳೆದರೆ ಶೇ. 3ರ ಹತ್ತಿರ ಬಂದು ನಿಲ್ಲುತ್ತದೆ. ಸಾಲದ ಬಡ್ಡಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಬಾಡಿಗೆಯಲ್ಲೇ ಇಎಂಐ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕ್ಯಾಲ್ಕುಲೇಟರ್ ಅವರ ಕೈಗೇ ಕೊಡಿ. ಇನ್ನೊಂದು, ಫ್ಲ್ಯಾಟಿನಲ್ಲಿ ಬೆಲೆ ಏರುವುದು ನಿಮ್ಮ ಪಾಲಿನ ನೆಲಕ್ಕೆ. ಗೋಡೆಗೆ ವರ್ಷ ವರ್ಷ ವಯಸ್ಸಾಗುತ್ತಲೇ ಇರುತ್ತದೆ. ಆ ನೆಲದ ಪಾಲನ್ನು ಯುಡಿಎಸ್ ಅಂತಾರೆ, ಸೇಲ್ ಡೀಡಿನಲ್ಲಿ ಎಷ್ಟು ಚದರಡಿ ಅಂತ ಬರೆದಿರುತ್ತದೆ, ಕೇಳಿ. ಹಳೆಯ ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಅದು ಜಾಸ್ತಿ ಇರುತ್ತದೆ, ಇಪ್ಪತ್ತಂತಸ್ತಿನ ಟವರಿನಲ್ಲಿ ಕಡಿಮೆ. ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ. 5 ಜಿಎಸ್‌ಟಿ ಬೇರೆ, ಅಗ್ಗದ ವರ್ಗದ್ದಕ್ಕೆ ಶೇ. 1. ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಬಂದಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಹೂಡಿಕೆಗೆ ಅಂತಾದರೆ ನಾನಂತೂ ಒಸಿ ಬಂದಿರುವ, ಆಗಲೇ ಜನ ವಾಸ ಇರುವ ಕಟ್ಟಡವನ್ನೇ ನೋಡುತ್ತೇನೆ. ಎರಡು ಲಕ್ಷ ಜಾಸ್ತಿ ಆದರೂ ಪರವಾಗಿಲ್ಲ. ಲಿಫ್ಟ್ ಎಷ್ಟು ಸಲ ಕೆಡುತ್ತದೆ, ಟ್ಯಾಂಕರ್ ನೀರಿಗೆ ತಿಂಗಳಿಗೆ ಎಷ್ಟು ಅಂತ ವಾಚ್‌ಮನ್ ಹತ್ತಿರ ಕೇಳಿದರೆ ಐದು ನಿಮಿಷದಲ್ಲಿ ಎಲ್ಲ ಹೇಳುತ್ತಾನೆ.

ತುಮಕೂರು, ಹಾಸನ, ದಾವಣಗೆರೆಯಂಥ ಊರಲ್ಲಿ ಇನ್ನೊಂದು ದಾರಿ ಇದೆ: ಸಣ್ಣ ಸೈಟಿನಲ್ಲಿ ಪೋರ್ಷನ್ ಕಟ್ಟಿಸಿ ಬಾಡಿಗೆಗೆ ಬಿಡುವುದು. ನಾನು ತುಮಕೂರಿನಲ್ಲಿ ಇದನ್ನೇ ಮಾಡಿದೆ. ನನ್ನ ಲೆಕ್ಕ ಹೀಗಿತ್ತು. 20×30 ಸೈಟು 16 ಲಕ್ಷ, ಮಹಡಿಗೆ ನಾಲ್ಕೂವರೆ ಚದರದಂತೆ (ಒಂದು ಚದರ ಅಂದರೆ 100 ಚದರಡಿ) ಮೂರು ಮಹಡಿ, ಚದರಕ್ಕೆ ಎರಡು ಲಕ್ಷದಂತೆ 27 ಲಕ್ಷ, ಪ್ಲಾನು, ಸಂಪು, ಮೀಟರು ಅಂತ ಇನ್ನೆರಡು. ಒಟ್ಟು 45. ಮೂರು ಪೋರ್ಷನ್, ತಲಾ ಎಂಟು ಸಾವಿರ ಬಾಡಿಗೆ. ಖರ್ಚು ಕಳೆದು ಶೇ. ಐದೂವರೆ ಬರುತ್ತದೆ. ಫ್ಲ್ಯಾಟಿಗಿಂತ ಎಷ್ಟೋ ಮೇಲು, ನೆಲವೂ ಪೂರ್ತಿ ನಿಮ್ಮದೇ.

ಆದರೆ ಈ ಐದೂವರೆ ಸುಮ್ನೆ ಬರುವುದಿಲ್ಲ, ಅದರಲ್ಲಿ ನಿಮ್ಮ ಕೂಲಿಯೂ ಸೇರಿದೆ. ಹೋದ ವರ್ಷ ಗೌರಿ ಹಬ್ಬದ ಬೆಳಗ್ಗೆ ಆರೂವರೆಗೆ ಫೋನು. "ಅಣ್ಣ, ನೀರಿಲ್ಲ." ಸಂಪಿನ ಮೋಟರ್ ಸುಟ್ಟಿತ್ತು. ರೀವೈಂಡಿಂಗ್ ಅಂಗಡಿ ರಜಾ, ಎಲೆಕ್ಟ್ರಿಷಿಯನ್ ಊರಿಗೆ ಹೋಗಿದ್ದಾನೆ, ಮೂರು ಮನೆಯಲ್ಲೂ ನೆಂಟರು ತುಂಬಿದ್ದಾರೆ. ಪೂಜೆಗೆ ಉಟ್ಟ ಪಂಚೆಯಲ್ಲೇ ಸ್ಕೂಟರ್ ಹತ್ತಿ ಹೋಗಿ ಟ್ಯಾಂಕರಿನವನನ್ನು ಹುಡುಕಿ ಕರಕೊಂಡು ಬರುವಷ್ಟರಲ್ಲಿ ಹನ್ನೊಂದು. ಮನೆಯಲ್ಲಿ ಕಡುಬು ತಣ್ಣಗಾಗಿತ್ತು. ನೀವು ಊರಲ್ಲೇ ಇದ್ದರೆ ಇದು ಸರಿ. ಪುಣೆಯಲ್ಲೋ ದುಬೈಯಲ್ಲೋ ಕೂತು ಊರಲ್ಲಿ ಮೂರು ಪೋರ್ಷನ್ ನೋಡಿಕೊಳ್ಳುವುದು ಅಂದರೆ ಅಲ್ಲಿ ಒಬ್ಬ ನಂಬಿಕಸ್ಥ ಭಾವಮೈದನೋ ಚಿಕ್ಕಪ್ಪನ ಮಗನೋ ಇರಬೇಕು, ಅವನಿಗೂ ಏನಾದರೂ ಕೊಡಬೇಕು. ಅದು ಆಗದವರಿಗೆ ಫ್ಲ್ಯಾಟೇ ವಾಸಿ.

ಕಟ್ಟಿಸುವಾಗ ಪ್ರತಿ ಪೋರ್ಷನ್ನಿಗೂ ಬೇರೆ ಬೆಸ್ಕಾಂ ಮೀಟರ್ ಹಾಕಿಸಿ. ಸಬ್ ಮೀಟರ್ ಸಾಕು ಅಂತ ಮೇಸ್ತ್ರಿ ಹೇಳುತ್ತಾನೆ, ಕೇಳಬೇಡಿ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಮನೆ ನೋಡಲು ಬರುವವರು ಅಡುಗೆಮನೆಗಿಂತ ಮುಂಚೆ ಕೇಳುವುದೇ "ಮೀಟರ್ ಸಪರೇಟಾ?" ಅಂತ. ಖಾಲಿ ಮಾಡುವವರು ತಮ್ಮ ಆಧಾರ್ ಜೋಡಣೆ ತೆಗೆಸಿಯೇ ಹೋಗುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ಒದ್ದಾಟ. ಕರಾರು ಹನ್ನೊಂದು ತಿಂಗಳಿಗೆ ಬರೆಯುವುದು ಯಾಕೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕು, ಅದಕ್ಕೆ.

ಲೀಸಿನ ಆಸೆಯ ಬಗ್ಗೆ ಸ್ವಲ್ಪ ಹೇಳಬೇಕು. ಕಟ್ಟಿಸಿದ ಸಾಲ ತಲೆಮೇಲಿರುವಾಗ ಯಾರಾದರೂ "ಎಂಟು ಲಕ್ಷ ಲೀಸಿಗೆ ಕೊಡ್ತೀನಿ, ಬಾಡಿಗೆ ಬೇಡ" ಅಂದರೆ ದೇವರೇ ಬಂದ ಹಾಗೆ ಅನ್ನಿಸುತ್ತದೆ. ಎಂಟು ಲಕ್ಷವನ್ನು ಶೇ. 9ರ ಸಾಲಕ್ಕೆ ಕಟ್ಟಿದರೆ ಉಳಿಯುವ ಬಡ್ಡಿ ತಿಂಗಳಿಗೆ ಆರು ಸಾವಿರ. ಬಾಡಿಗೆಗೆ ಬಿಟ್ಟಿದ್ದರೆ ಎಂಟು ಸಾವಿರ ಬರುತ್ತಿತ್ತು. ಕೈಸಾಲ ಎರಡು ರೂಪಾಯಿ ಬಡ್ಡಿಯದ್ದಾದರೆ ಲೀಸು ಲಾಭ, ಬ್ಯಾಂಕ್ ಸಾಲವಾದರೆ ನಷ್ಟ. ಮೂರು ವರ್ಷ ಆದಮೇಲೆ ಆ ಎಂಟು ಲಕ್ಷ ವಾಪಸ್ ಕೊಡಬೇಕು ಅನ್ನುವುದು ಬಹಳ ಜನಕ್ಕೆ ಮರೆತೇಹೋಗಿರುತ್ತದೆ. ಹೊಸ ಲೀಸಿನವರು ಸಿಗುವ ತನಕ ಹಳಬರನ್ನು ಕಾಯಿಸುವ ಮಾಲೀಕರನ್ನು ನಮ್ಮ ಬೀದಿಯಲ್ಲೇ ಇಬ್ಬರನ್ನು ನೋಡಿದ್ದೇನೆ. ಹಳಬರ ಎದುರು ಅವರಿಗೆ ಮುಖ ತೋರಿಸುವುದಕ್ಕಾಗುತ್ತಿರಲಿಲ್ಲ.

ಜಮೀನು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಎಕರೆ ಲೆಕ್ಕದಲ್ಲಿ, ಪೋಡಿ ಆಗಿ (ಸರ್ವೆ ನಂಬರನ್ನು ಅಳೆದು ಭಾಗ ಮಾಡಿ), ನಿಮ್ಮ ಹೆಸರಿಗೇ ಬೇರೆ ಪಹಣಿ ಬರುವ ಹಾಗಿದ್ದರೆ ನೋಡಿ. ಐದು ಗುಂಟೆ, ಹತ್ತು ಗುಂಟೆ ಅಂತ ಮಾವಿನ ಗಿಡ ನೆಟ್ಟು, ಕಮಾನು ಕಟ್ಟಿ, ಫಾರ್ಮ್ ಪ್ಲಾಟ್ ಅಂತ ಮಾರುತ್ತಾರಲ್ಲ, ಅಲ್ಲಿ ಎಷ್ಟೋ ಕಡೆ ಒಂದೇ ಪಹಣಿಯಲ್ಲಿ ಇಪ್ಪತ್ತು ಜನರ ಹೆಸರು ಜಂಟಿಯಾಗಿ ಕೂತಿರುತ್ತದೆ. ಮಾರಬೇಕಾದಾಗ ಗೊತ್ತಾಗುತ್ತದೆ ಅದರ ರುಚಿ.

ಇದ್ಯಾವುದೂ ಬೇಡ, ಕಟ್ಟಡದ ಬಾಡಿಗೆ ಮಾತ್ರ ಬೇಕು ಅನ್ನುವವರಿಗೆ ರೀಟ್ ಇದೆ, ಅಂದರೆ ಬಾಡಿಗೆ ಬರುವ ದೊಡ್ಡ ಕಟ್ಟಡಗಳನ್ನು ಇಟ್ಟುಕೊಂಡು ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟು. ಡಿಮ್ಯಾಟ್ ಖಾತೆ ಇದ್ದರೆ ಷೇರಿನ ಹಾಗೇ ಕೊಳ್ಳಬಹುದು, ಕೆಲವು ನೂರು ರೂಪಾಯಿಗೂ ಒಂದು ಯೂನಿಟ್ ಸಿಗುತ್ತದೆ. ದೇಶದ ಮೊದಲ ರೀಟ್ 2019ರಲ್ಲಿ ಲಿಸ್ಟ್ ಆಗಿದ್ದು ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್. ಹಂಚಬಹುದಾದ ನಗದಿನಲ್ಲಿ ಶೇ. 90 ಹಂಚಲೇಬೇಕು ಅಂತ ನಿಯಮ. ನೆಂಟರಿಗೆ ಕರಕೊಂಡು ಹೋಗಿ ತೋರಿಸಲಾಗುವುದಿಲ್ಲ ಅನ್ನುವುದು ಬಿಟ್ಟರೆ ಕೆಟ್ಟದ್ದೇನಲ್ಲ.

ಪೇಪರ್ ನೋಡುವುದು ಹೇಗೆ

ವಕೀಲರಿಗೆ ಐದೋ ಹತ್ತೋ ಸಾವಿರ ಕೊಟ್ಟು ಲೀಗಲ್ ಒಪಿನಿಯನ್ ತಗೊಳ್ಳಿ, ಇದರಲ್ಲಿ ಎರಡು ಮಾತಿಲ್ಲ. ಆದರೆ ಬ್ರೋಕರ್ ತೋರಿಸಿದ ವಕೀಲರು ಬೇಡ, ನಿಮ್ಮವರು ಬೇಕು. ಅವರ ಹತ್ತಿರ ಹೋಗುವ ಮುಂಚೆ ನೀವೂ ಒಂದಿಷ್ಟು ನೋಡಬಹುದು.

ಮಾರುವವನಿಗೆ ಈ ಆಸ್ತಿ ಎಲ್ಲಿಂದ ಬಂತು? ಕೊಂಡಿದ್ದಾ, ಪಿತ್ರಾರ್ಜಿತವಾ, ಸರ್ಕಾರ ಕೊಟ್ಟ ಗ್ರ್ಯಾಂಟಾ? ಇಲ್ಲಿಂದ ಶುರು. ಪಿತ್ರಾರ್ಜಿತ ಆದರೆ ವಂಶವೃಕ್ಷ ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿ. ನಾನು ಗುಬ್ಬಿ ರಸ್ತೆಯಲ್ಲಿ ಒಂದು ಸೈಟು ಮಾತಾಡಿದ್ದೆ. ಅಣ್ಣತಮ್ಮಂದಿರು ಮೂವರು ಸಹಿಗೆ ರೆಡಿ. "ಅಕ್ಕತಂಗಿಯರು?" ಅಂದೆ. "ಇಬ್ರಿದ್ದಾರೆ ಸಾರ್. ಮದುವೆಗೆ ಆಗಲೇ ಕೊಟ್ಟಾಗಿದೆ, ಒಡವೆ ಎಲ್ಲ ಹಾಕಿದ್ದೀವಿ, ಅವರೇನು ಕೇಳಲ್ಲ" ಅಂದ ದೊಡ್ಡವನು. ಕೇಳದೇ ಇರುವವರಿಗೆ ಬಂದು ಒಂದು ಸಹಿ ಹಾಕಲು ಏನು ಕಷ್ಟ, ಕರೆಸಿ ಅಂದೆ. ಒಂದು ವಾರ ಬಿಟ್ಟು ಫೋನ್ ಬಂತು, ತಂಗಿ ಸಹಿ ಹಾಕಲು ಒಪ್ಪುತ್ತಿಲ್ಲವಂತೆ. ಆ ಹೆಣ್ಣುಮಗಳು ಮಾಡಿದ್ದು ಸರಿಯಾಗಿಯೇ ಇತ್ತು. ಹೆಣ್ಣುಮಕ್ಕಳಿಗೂ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾನೂನಿಗೆ 1994ರಲ್ಲೇ ಕರ್ನಾಟಕ ತನ್ನ ತಿದ್ದುಪಡಿ ತಂದಿತ್ತು, 2005ರಲ್ಲಿ ಕೇಂದ್ರದ ಕಾನೂನು ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಸ್ಪಷ್ಟವಾಗಿ ಹೇಳಿತು. ಒಡವೆ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅಕ್ಕತಂಗಿಯರು ಸೇಲ್ ಡೀಡಿಗೇ ಸಹಿ ಹಾಕಬೇಕು, ಇಲ್ಲವೇ ರಿಜಿಸ್ಟರ್ ಆದ ಹಕ್ಕು ಖುಲಾಸೆ ಪತ್ರ ಇರಬೇಕು. ಮನೆಯಲ್ಲಿ ಬಿಳಿ ಹಾಳೆ ಮೇಲೆ ಬರೆಸಿಕೊಂಡ ಪಾಲುಪಟ್ಟಿ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಗ್ರ್ಯಾಂಟ್ ಜಮೀನಾದರೆ ಇನ್ನೂ ಹುಷಾರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿ ಇಲ್ಲದೆ ಮಾರಿದರೆ ಆ ಕ್ರಯವೇ ಊರ್ಜಿತವಲ್ಲ. ಅದು 1978ರ ಪಿಟಿಸಿಎಲ್ ಕಾಯ್ದೆ. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿಹಾಕದಿರಲಿ ಅಂತ 2023ರಲ್ಲಿ ತಿದ್ದುಪಡಿಯನ್ನೂ ತಂದಿದ್ದಾರೆ. ಬಡವರಿಗೆ ಸಿಕ್ಕಿದ ನೆಲವನ್ನು ನಾಲ್ಕು ಕಾಸಿಗೆ ಬರೆಸಿಕೊಳ್ಳುವವರನ್ನು ತಡೆಯಲೆಂದೇ ಬಂದ ಕಾನೂನು ಅದು, ಇರಬೇಕಾದ್ದೇ. ಲೇಔಟು ಎಷ್ಟೇ ಹೊಸದಾಗಿ ಕಾಣಲಿ, ಅದರ ಕೆಳಗಿನ ಸರ್ವೆ ನಂಬರಿನ ಹಳೆಯ ಪಹಣಿ, ಮ್ಯುಟೇಶನ್ ತೆಗೆಸಿ ನೋಡಿದರೆ ಸಾಮಾನ್ಯವಾಗಿ ಗ್ರ್ಯಾಂಟ್ ವಿಷಯ ಹೊರಗೆ ಬರುತ್ತದೆ.

ಇಸಿ (ಆಸ್ತಿಯ ಋಣಭಾರ ಪತ್ರ) ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ಕಾವೇರಿ ಪೋರ್ಟಲಿನಲ್ಲಿ ಆನ್‌ಲೈನ್ ಸಿಗುವುದು 2004ರಿಂದ ಈಚಿನದು, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಇಸಿ ಕ್ಲೀನಾಗಿದೆ ಅಂತ ಕುಣಿಯಬೇಡಿ. ಅದರಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ರಿಜಿಸ್ಟರ್ ಮಾಡದ ಅಗ್ರಿಮೆಂಟ್ ಬರುವುದಿಲ್ಲ, ಕೋರ್ಟಿನ ಕೇಸೂ ಎಷ್ಟೋ ಸಲ ಬರುವುದಿಲ್ಲ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರುವವರ ಹೆಸರು, ಅವರಪ್ಪನ ಹೆಸರು ಹಾಕಿ ಹುಡುಕಿ. ಪುಕ್ಕಟೆ.

ಆಮೇಲೆ ಕನ್ವರ್ಷನ್ ಆದೇಶ, ಯೋಜನಾ ಪ್ರಾಧಿಕಾರದ ಲೇಔಟ್ ಪ್ಲಾನ್, ಸೈಟು ಬಿಡುಗಡೆ ಪತ್ರ, ಇ-ಖಾತಾ. ಈ ನಾಲ್ಕು ಒಂದಕ್ಕೊಂದು ತಾಳೆ ಆಗಬೇಕು. "ಡಿಸಿ ಕನ್ವರ್ಷನ್ ಆಗಿದೆ ಸಾರ್" ಅಂದರೆ ಲೇಔಟ್ ಅಪ್ರೂವ್ ಆಗಿದೆ ಅಂತ ಅರ್ಥವಲ್ಲ, ಇದರಲ್ಲಿ ಬಹಳ ಜನ ಎಡವುತ್ತಾರೆ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ರಿಜಿಸ್ಟ್ರೇಶನ್ ಆಗುವುದಿಲ್ಲ, ಇದು ಒಳ್ಳೆಯದೇ ಆಯಿತು. ಪಂಚಾಯ್ತಿ ವ್ಯಾಪ್ತಿಯಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಸರಿ. 11ಬಿ ಅಂದರೆ ನನ್ನ ನೆಲಮಂಗಲದ ಕಥೆಯೇ.

ಬೆಂಗಳೂರಿನ ಬಿ ಖಾತಾ (ನಿಯಮದಂತೆ ಅನುಮೋದನೆ ಇಲ್ಲದ ಆಸ್ತಿಯ ಖಾತಾ; ಸರಿಯಾಗಿರುವುದಕ್ಕೆ ಎ ಖಾತಾ) ಅಗ್ಗಕ್ಕೆ ಸಿಗುತ್ತದೆ, ಮುಂದೆ ಎ ಆಗುತ್ತೆ ಅನ್ನುವ ಮಾತನ್ನು ನಾನು ಬೆಂಗಳೂರಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಇಂಥವನ್ನು ದಂಡ ಕಟ್ಟಿಸಿ ಸಕ್ರಮ ಮಾಡುವ ಅಕ್ರಮ ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಬಿ ಯಿಂದ ಎ ಮಾಡುವ ಯೋಜನೆಯನ್ನು ಸರ್ಕಾರ ತಂದಿದೆ, ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡಿದ ಬೆಲೆ) ಮೇಲೆ ಶುಲ್ಕ ಕಟ್ಟಬೇಕು. ಆಗುವುದಿದ್ದರೆ ಮಾರುವವನೇ ಮಾಡಿಸಿಕೊಂಡು, ಎ ಖಾತಾ ಕೈಯಲ್ಲಿ ಹಿಡಿದು ಬರಲಿ, ಎ ಖಾತಾ ರೇಟೇ ಕೊಡೋಣ. ಆ ಓಡಾಟ ನಮಗೆ ಬೇಡ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಅನ್ನುವವರನ್ನಂತೂ ದೂರ ಇಡಿ, ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಇದೆ.

ಒಂದು ಸಣ್ಣ ಗುಣಾಕಾರ ಹೇಳಿಕೊಡುತ್ತೇನೆ, ಲೇಔಟಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ನಿಯಮದಂತೆ ರಸ್ತೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ) ಸೈಟಿಗೆ ಬಿಟ್ಟರೆ ಹೆಚ್ಚು ಕಡಿಮೆ ಅರ್ಧ ಉಳಿಯುತ್ತದೆ. ಅಂದರೆ 30×40 ಅಳತೆಯ ಸೈಟು ಎಕರೆಗೆ ಹದಿನೆಂಟು, ಇಪ್ಪತ್ತು. ಬ್ರೋಷರಿನಲ್ಲಿ "2 ಎಕರೆ, 56 ಸೈಟು" ಅಂತ ಇದ್ದರೆ ಪಾರ್ಕು ಎಲ್ಲಿ ಅಂತ ಕೇಳಿ. 500 ಚದರ ಮೀಟರ್ ಮೀರಿದ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಬೇಕು. ರೇರಾ ಕರ್ನಾಟಕ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ, ಅಲ್ಲಿರುವ ಪ್ಲಾನಿನಲ್ಲಿ ನಿಮ್ಮ ಸೈಟ್ ನಂಬರ್ ಇದೆಯಾ ನೋಡಿ. ಎಷ್ಟೋ ಸಲ "ಫೇಸ್ 2" ಅನ್ನುವುದು ಆ ಪ್ಲಾನಿನಲ್ಲೇ ಇರುವುದಿಲ್ಲ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ: ಸಾಲ ಬೇಡದಿದ್ದರೂ ಯಾವುದಾದರೂ ಸರ್ಕಾರಿ ಬ್ಯಾಂಕಿನಲ್ಲಿ ಈ ಆಸ್ತಿ ಮೇಲೆ ಸಾಲಕ್ಕೆ ಅರ್ಜಿ ಹಾಕಿ. ಪ್ರೊಸೆಸಿಂಗ್ ಫೀ ಹೋದರೆ ಹೋಗಲಿ. ಅವರ ಪ್ಯಾನೆಲ್ ವಕೀಲರು ಏನು ಕೊಕ್ಕೆ ಹಾಕುತ್ತಾರೋ, ನಾಳೆ ನಿಮ್ಮಿಂದ ಕೊಳ್ಳುವವನಿಗೂ ಅದೇ ಕೊಕ್ಕೆ.

ಜಾಗದ ಮೇಲೆ

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮಧ್ಯೆ ನಿಂತುಕೊಳ್ಳಿ, ಸರ್ವೆ ನಂಬರ್ ತೋರಿಸುತ್ತದೆ. ಪೇಪರಿನ ನಂಬರೂ ಅದೂ ಒಂದೇನಾ? ಪಕ್ಕದಲ್ಲಿ ಹಳ್ಳವೋ ಕೆರೆಯೋ ಖರಾಬೋ ಇದೆಯಾ? ಅಡಿಯ ಲೆಕ್ಕದಲ್ಲಿ ಆ ಆ್ಯಪನ್ನು ನಂಬಬೇಡಿ, ಅನುಮಾನ ಬಂದರೆ ಸರ್ವೆಯವರನ್ನು ಕರೆಸಿ. ಚಕ್ಕುಬಂದಿ ಓದುತ್ತಾ ಸುತ್ತ ನೋಡಿ, "ಪೂರ್ವಕ್ಕೆ ರಸ್ತೆ" ಅಂತ ಇರುವ ಕಡೆ ನಿಜವಾಗಿ ರಸ್ತೆ ಇರಬೇಕು, ಯಾರದ್ದೋ ರಾಗಿ ಹೊಲ ಅಲ್ಲ. ಟೇಪ್ ಹಿಡಿದು ನಾಲ್ಕೂ ಬದಿ ಅಳೆಯಿರಿ, ಮೂಲೆಯಿಂದ ಮೂಲೆಗೂ ಅಳೆಯಿರಿ. 30×40ಕ್ಕೆ ಕರ್ಣ ಸರಿಯಾಗಿ 50 ಅಡಿ ಬರಬೇಕು, ಶಾಲೆಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಬಿಸಿಲಿನಲ್ಲಿ ಒಮ್ಮೆ, ಜೋರು ಮಳೆ ಬಂದ ಮಾರನೇ ದಿನ ಒಮ್ಮೆ ಹೋಗಿ. ಬ್ರೋಕರ್ ಇಲ್ಲದೆ ಹೋಗಿ. ಹತ್ತಿರದ ಟೀ ಅಂಗಡಿಯಲ್ಲಿ ಕೂತು ಇಲ್ಲಿ ಸೈಟ್ ಏನು ನಡೀತಿದೆ ಅಂತ ಕೇಳಿದರೆ ರೇಟಿನ ಜೊತೆಗೆ ಯಾವ ಸರ್ವೆ ನಂಬರ್ ಕೋರ್ಟಿನಲ್ಲಿದೆ ಅನ್ನುವುದೂ ಸಿಗುತ್ತದೆ.

ಅಡ್ವಾನ್ಸು, ಅಗ್ರಿಮೆಂಟು, ದುಡ್ಡು

"ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ, ಟೋಕನ್ ಹಾಕಿಬಿಡಿ." ಬರಲಿ ಬಿಡಿ. ಟೋಕನ್ ಕೊಟ್ಟರೂ ಸಣ್ಣ ಮೊತ್ತ, ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ ಕೊಡಿ. ಪೇಪರ್ ಸರಿ ಇಲ್ಲದಿದ್ದರೆ ವಾಪಸ್ ಅಂತ ಬರೆಸಿಕೊಳ್ಳಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವುದು ಕಾನೂನಿಗೆ ವಿರುದ್ಧ, ತಗೊಂಡವನಿಗೆ ಅಷ್ಟೇ ಮೊತ್ತ ದಂಡ ಬೀಳಬಹುದು. ರೇರಾ ಯೋಜನೆಯಾದರೆ ರಿಜಿಸ್ಟರ್ಡ್ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ.

ಅರ್ಧ ವೈಟು ಅರ್ಧ ಬ್ಲ್ಯಾಕು ಅನ್ನುವವರು ಇನ್ನೂ ಇದ್ದಾರೆ, ರಿಜಿಸ್ಟ್ರೇಶನ್ ಖರ್ಚು ಉಳಿಯುತ್ತೆ ಅಂತ ಆಸೆ ಹುಟ್ಟಿಸುತ್ತಾರೆ. ಇಪ್ಪತ್ತು ಲಕ್ಷ ಬ್ಲ್ಯಾಕ್ ಕೊಟ್ಟು ಒಂದೂವರೆ ಲಕ್ಷ ಉಳಿಸಿದಿರಿ ಅಂತಿಟ್ಟುಕೊಳ್ಳಿ. ಮಾರುವಾಗ ಆ ಇಪ್ಪತ್ತೂ ನಿಮ್ಮ ಲಾಭ ಅಂತಲೇ ಲೆಕ್ಕ, ಅದಕ್ಕೆ ಶೇ. 12.5 ನೀವೇ ಕಟ್ಟಬೇಕು, ಎರಡೂವರೆ ಲಕ್ಷ. ತಪ್ಪಿಸಿಕೊಳ್ಳಬೇಕಾದರೆ ನೀವೂ ಬ್ಲ್ಯಾಕ್ ತಗೊಳ್ಳುವ ಪಾರ್ಟಿಯನ್ನೇ ಹುಡುಕಬೇಕು. ಬ್ಯಾಂಕ್ ಸಾಲದವರು ಹತ್ತಿರ ಬರುವುದಿಲ್ಲ. ಮತ್ತೆ ಅದೇ ನೆಲಮಂಗಲ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರೇ ಶೇ. 1 ಟಿಡಿಎಸ್ (ಮಾರುವವರ ಲೆಕ್ಕದ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ಅಮೆರಿಕದಲ್ಲೋ ಸಿಂಗಪುರದಲ್ಲೋ ನೆಲೆಸಿದವರಾದರೆ ಈ ಒಂದು ಪರ್ಸೆಂಟ್ ಸಾಲದು, ಅನಿವಾಸಿಗಳಿಗೆ ನಿಯಮವೇ ಬೇರೆ, ಮೊತ್ತವೂ ಜಾಸ್ತಿ. ಹಿಡಿಯದಿದ್ದರೆ ನೋಟಿಸ್ ಬರುವುದು ನಿಮಗೆ. ಅಗ್ರಿಮೆಂಟ್ ಮುಂಚೆಯೇ ಆಡಿಟರ್ ಹತ್ತಿರ ಮಾತಾಡಿ.

ರಿಜಿಸ್ಟ್ರೇಶನ್ ದಿನ ಒರಿಜಿನಲ್ ಮದರ್ ಡೀಡ್ (ಆಸ್ತಿಯ ಮೂಲಪತ್ರ), ಹಿಂದಿನ ಎಲ್ಲ ಕ್ರಯಪತ್ರ ಕೈಗೆ ಬಂದಮೇಲೆಯೇ ಕೊನೇ ಚೆಕ್ ಕೊಡಿ. "ಮನೇಲಿದೆ ಸಾರ್, ನಾಳೆ ತಂದುಕೊಡ್ತೀನಿ" ಅಂದರೆ ಚೆಕ್ಕನ್ನೂ ನಾಳೆಯೇ ಕೊಡಿ. ಆದಮೇಲೆ ಖಾತೆ ನಿಮ್ಮ ಹೆಸರಿಗೆ ಆಗಿದೆಯಾ ನೋಡಿ, ಕಂದಾಯ ಕಟ್ಟಿ, ಸೈಟಾದರೆ ನಾಲ್ಕು ಕಲ್ಲು, ತಂತಿ, ಹೆಸರಿನ ಬೋರ್ಡು. ಒಂದು ತಿಂಗಳು ಬಿಟ್ಟು ಹೊಸ ಇಸಿ ತೆಗೆಸಿ, ಅದರಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿ.

ತೆರಿಗೆಯಲ್ಲಿ ಒಂದೆರಡು ವಿಷಯ. ಬಾಡಿಗೆ ಆದಾಯದಲ್ಲಿ ಕಂದಾಯ ಕಳೆದು ಉಳಿದದ್ದಕ್ಕೆ ಶೇ. 30 ರಿಯಾಯಿತಿ ಇದೆ, ರಿಪೇರಿಗೆ ಬಿಲ್ಲು ಕೇಳುವುದಿಲ್ಲ. ಮಾರುವುದಾದರೆ 24 ತಿಂಗಳು ದಾಟಿಸಿ, ಇಲ್ಲದಿದ್ದರೆ ಲಾಭ ನಿಮ್ಮ ಮಾಮೂಲಿ ಸ್ಲ್ಯಾಬಿಗೆ ಬೀಳುತ್ತದೆ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಆಸ್ತಿಯಾದರೆ, ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಸಹಿತ ಶೇ. 20 ಅಥವಾ ಅದಿಲ್ಲದೆ ಶೇ. 12.5, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಬಹಳ ವರ್ಷ ಇಟ್ಟುಕೊಂಡು, ಬೆಲೆ ನಿಧಾನವಾಗಿ ಏರಿದ ಆಸ್ತಿಗೆ ಹಳೆಯ ಲೆಕ್ಕವೇ ಲಾಭ ಇರಬಹುದು, ಎರಡನ್ನೂ ಹಾಕಿ ನೋಡಿ. ಆಮೇಲೆ ಕಟ್ಟಿಸಿದ ಮಹಡಿ, ಕಾಂಪೌಂಡು, ಹಾಕಿಸಿದ ಬೋರು ಇವೆಲ್ಲ ಖರ್ಚಿಗೆ ಸೇರುತ್ತವೆ, ಆದರೆ ಬಿಲ್ಲು ಬೇಕು. ಸಿಮೆಂಟ್ ಅಂಗಡಿಯ ಆ ತೆಳುವಾದ ರಸೀದಿಗಳು ಎರಡು ವರ್ಷಕ್ಕೆ ಬೆಳ್ಳಗಾಗಿ ಅಕ್ಷರವೇ ಹೋಗಿಬಿಡುತ್ತವೆ. ಕೊಟ್ಟ ದಿನವೇ ಜೆರಾಕ್ಸ್ ಮಾಡಿಸಿ ಮದರ್ ಡೀಡ್ ಇಟ್ಟ ಫೈಲಿಗೇ ಸೇರಿಸಿ, ನನ್ನ ನಾಲ್ಕು ಬಂಡಲಿನಲ್ಲಿ ಎರಡು ಈಗ ಬರೀ ಬಿಳಿ ಹಾಳೆ.